ಎಡಿಬಿ 'ಅನ್‌ಆಥರೈಸ್ಡ್' ಅಂದಾಗ ನಾನು ಮಾಡುವುದು

ಎಡಿಬಿ ಅಂದರೆ ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್, ಲ್ಯಾಪ್‌ಟಾಪ್‌ನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಟೂಲ್. ಫೋನನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಟರ್ಮಿನಲ್‌ನಲ್ಲಿ 'ಎಡಿಬಿ ಡಿವೈಸಸ್' ಅಂತ ಹೊಡೆದರೆ, ಸೀರಿಯಲ್ ನಂಬರ್ ಪಕ್ಕ 'ಡಿವೈಸ್' ಅಂತ ಬರಬೇಕು. ಅಲ್ಲಿ 'ಅನ್‌ಆಥರೈಸ್ಡ್' ಅಂತ ಬಂದ ಕೂಡಲೇ ಎಷ್ಟೋ ಜನ ಡ್ರೈವರ್ ತೆಗೆದು ಮತ್ತೆ ಹಾಕಲು ಕೂರುತ್ತಾರೆ. ಸುಮ್ನೆ ಟೈಮ್ ವೇಸ್ಟ್. ಆ ಪದ ಬಂತು ಅಂದರೆ ಕೇಬಲ್, ಡ್ರೈವರ್ ಎರಡೂ ಸರಿಯಾಗಿವೆ. 'ನೀನು ಯಾರೋ ನನಗೆ ಗೊತ್ತಿಲ್ಲ' ಅಂತ ಫೋನ್ ಹೇಳುತ್ತಿದೆ, ಅಷ್ಟೇ. ಪಟ್ಟಿಯೇ ಖಾಲಿ ಬಂದರೆ ಆಗ ಕೇಬಲ್ ಮೇಲೆ ಅನುಮಾನ ಪಡಿ. ಬರೀ ಚಾರ್ಜ್ ಆಗುವ, ಡೇಟಾ ಹೋಗದ ಕೇಬಲ್‌ಗಳು ಎಲ್ಲರ ಮನೆಯಲ್ಲೂ ಇರುತ್ತವೆ.

2013ರಲ್ಲಿ ಬಂದ ಆಂಡ್ರಾಯ್ಡ್ 4.2.2ರಿಂದ ಈ ಕಾವಲು ಇದೆ. ಲ್ಯಾಪ್‌ಟಾಪ್‌ನಲ್ಲಿ ನಮ್ಮ ಹೋಮ್ ಫೋಲ್ಡರ್ ಒಳಗೆ '.ಆಂಡ್ರಾಯ್ಡ್' ಅನ್ನುವ ಫೋಲ್ಡರ್ ಇರುತ್ತದೆ. ಅದರಲ್ಲಿ 'ಎಡಿಬಿಕೀ', 'ಎಡಿಬಿಕೀ.ಪಬ್' ಅಂತ ಎರಡು ಫೈಲ್. ಫೋನ್ ಒಂದು ಸವಾಲು ಕಳಿಸುತ್ತದೆ, ಲ್ಯಾಪ್‌ಟಾಪ್ ತನ್ನ ಗುಟ್ಟಿನ ಕೀಯಿಂದ ಅದಕ್ಕೆ ಸಹಿ ಹಾಕಿ ವಾಪಸ್ ಕೊಡುತ್ತದೆ. ಸಹಿ ಪರಿಚಯದ್ದಾದರೆ ಸರಿ. ಇಲ್ಲದಿದ್ದರೆ ಫೋನಿನ ಸ್ಕ್ರೀನ್ ಮೇಲೆ 'ಯುಎಸ್‌ಬಿ ಡೀಬಗ್ಗಿಂಗ್‌ಗೆ ಅನುಮತಿ ಕೊಡಲೇ?' ಅನ್ನುವ ಪ್ರಶ್ನೆ ಏಳುತ್ತದೆ. ಅದಕ್ಕೆ ಹೂಂ ಅನ್ನುವ ತನಕ 'ಅನ್‌ಆಥರೈಸ್ಡ್' ಹೋಗುವುದಿಲ್ಲ.

ಹಾಗಾಗಿ ನಾನು ಮೊದಲು ಫೋನ್ ಅನ್‌ಲಾಕ್ ಮಾಡಿ ಸ್ಕ್ರೀನ್ ನೋಡುತ್ತೇನೆ. ಪ್ರಶ್ನೆ ಅಲ್ಲೇ ಕಾದು ಕೂತಿರುವುದೇ ಜಾಸ್ತಿ. ಕಾಣದಿದ್ದರೆ ಕೇಬಲ್ ಕಿತ್ತು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್‌ಗಳಿಗೆಂದೇ ಇರುವ ಡೆವಲಪರ್ ಆಪ್ಷನ್ಸ್‌ಗೆ ಹೋಗುತ್ತೇನೆ. ಹಿಂದೆ ಕೊಟ್ಟ ಅನುಮತಿಗಳನ್ನು ರದ್ದು ಮಾಡುವ 'ರಿವೋಕ್ ಯುಎಸ್‌ಬಿ ಡೀಬಗ್ಗಿಂಗ್ ಆಥರೈಸೇಶನ್ಸ್' ಒತ್ತಿ, ಡೀಬಗ್ಗಿಂಗ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇನೆ. ಈ ಕಡೆ ಲ್ಯಾಪ್‌ಟಾಪ್‌ನಲ್ಲಿ 'ಎಡಿಬಿ ಕಿಲ್-ಸರ್ವರ್' ಕೊಟ್ಟು, ಅಂದರೆ ಹಿನ್ನೆಲೆಯಲ್ಲಿ ಓಡುವ ಎಡಿಬಿ ಸರ್ವರ್ ನಿಲ್ಲಿಸಿ, ಕೇಬಲ್ ಸಿಕ್ಕಿಸಿ, ಮತ್ತೆ 'ಎಡಿಬಿ ಡಿವೈಸಸ್'. ಸಾಮಾನ್ಯವಾಗಿ ಇಷ್ಟಕ್ಕೆ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಸರ್ವರ್ ನಿಲ್ಲಿಸಿ ಆ ಎರಡು ಕೀ ಫೈಲ್‌ಗಳ ಹೆಸರು ಬದಲಿಸುತ್ತೇನೆ. ಎಡಿಬಿ ತಾನೇ ಹೊಸ ಕೀ ಮಾಡಿಕೊಳ್ಳುತ್ತದೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಯಾಕೆಂದರೆ ಹಿಂದೆ ಒಪ್ಪಿಕೊಂಡಿದ್ದ ಫೋನ್‌ಗಳೆಲ್ಲ ಮತ್ತೆ ಹೊಸದಾಗಿ ಕೇಳುತ್ತವೆ.

ನಿನ್ನೆ ಮೊನ್ನೆ ಸರಿಯಿದ್ದ ಫೋನ್ ಇವತ್ತು ಯಾಕೆ ಕೇಳುತ್ತಿದೆ ಅಂತ ಟೀಮಿನವರು ಆಗಾಗ ಬರುತ್ತಾರೆ. ಆಂಡ್ರಾಯ್ಡ್ 11ರಿಂದ, ಒಮ್ಮೆ ಒಪ್ಪಿದ ಕಂಪ್ಯೂಟರ್ 7 ದಿನ ಕನೆಕ್ಟ್ ಆಗದಿದ್ದರೆ ಫೋನ್ ಆ ಅನುಮತಿಯನ್ನು ತೆಗೆದುಹಾಕುತ್ತದೆ. ಡ್ರಾಯರ್‌ನಲ್ಲಿ ಬಿದ್ದಿರುವ ಟೆಸ್ಟ್ ಫೋನ್‌ಗಳಿಗೆ ಇದು ದಿನದ ಕಾಟ. ಡೆವಲಪರ್ ಆಪ್ಷನ್ಸ್‌ನಲ್ಲೇ 'ಡಿಸೇಬಲ್ ಎಡಿಬಿ ಆಥರೈಸೇಶನ್ ಟೈಮ್‌ಔಟ್' ಅಂತಿದೆ. ಟೆಸ್ಟ್ ಫೋನ್‌ಗಳಲ್ಲಿ ನಾನು ಅದನ್ನು ಆನ್ ಮಾಡಿಡುತ್ತೇನೆ, ಸ್ವಂತ ಫೋನ್‌ನಲ್ಲಿ ಮಾಡುವುದಿಲ್ಲ.

ಲಿನಕ್ಸ್‌ನವರದು ಬೇರೆಯದೇ ಕಥೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನ ಉಬುಂಟುವಿನಲ್ಲಿ 'ನೋ ಪರ್ಮಿಶನ್ಸ್' ಬರುತ್ತಿತ್ತು. ಅವನು 'ಸುಡೊ' (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಹಾಕಿ ಎಡಿಬಿ ಓಡಿಸಿದ, ಫೋನ್ ಕೇಳಿತು, ಒಪ್ಪಿದ, ಕೆಲಸ ಆಯಿತು. ರೀಸ್ಟಾರ್ಟ್ ಮಾಡಿ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ತೆರೆದರೆ ಮತ್ತೆ ಮೊದಲಿನ ಗೋಳು. "ಸರ್, ಆಲ್ವೇಸ್ ಅಲೋ ಟಿಕ್ ಮಾಡಿದೀನಿ, ಆದ್ರೂ ಹೀಗೆ" ಅಂದ. ಟಿಕ್ ಮಾಡಿದ್ದು ನಿಜ. ಆದರೆ 'ಸುಡೊ' ಹಾಕಿದಾಗ ಎಡಿಬಿ ತೋರಿಸಿದ್ದು ರೂಟ್ ಯೂಸರ್‌ನ, ಅಂದರೆ ಲಿನಕ್ಸ್ ಅಡ್ಮಿನ್‌ನ ಕೀ. ಫೋನ್ ಒಪ್ಪಿಕೊಂಡಿದ್ದು ಅದನ್ನು, ಅವನ ಕೀಯನ್ನಲ್ಲ. ಮೂಲ ತೊಂದರೆ ಯುಡೆವ್ ರೂಲ್ಸ್ (ಸಿಕ್ಕಿಸಿದ ಸಾಧನವನ್ನು ಯಾರು ಬಳಸಬಹುದು ಅಂತ ಹೇಳುವ ಲಿನಕ್ಸ್ ನಿಯಮಗಳು) ಇಲ್ಲದ್ದು. 'ಆಂಡ್ರಾಯ್ಡ್-ಎಸ್‌ಡಿಕೆ-ಪ್ಲಾಟ್‌ಫಾರ್ಮ್-ಟೂಲ್ಸ್-ಕಾಮನ್' ಪ್ಯಾಕೇಜ್ ಹಾಕಿ, ಅವನನ್ನು ಸಾಧನ ಬಳಸಲು ಅನುಮತಿ ಇರುವ 'ಪ್ಲಗ್‌ಡೆವ್' ಯೂಸರ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಬಾ ಅಂದೆ. ಆಮೇಲೆ ಬಂದ 'ಅನ್‌ಆಥರೈಸ್ಡ್' ನೋಡಿ ಅವನು ಮುಖ ಸಪ್ಪಗೆ ಮಾಡಿದ. ನನಗೆ ಖುಷಿಯಾಯಿತು. ಪರ್ಮಿಶನ್ ಗೋಡೆ ದಾಟಿ ಆಗಿತ್ತು, ಫೋನ್ ಮೇಲೆ ಒಂದು ಒತ್ತು ಒತ್ತುವುದಷ್ಟೇ ಬಾಕಿ.

ಸ್ಕ್ರೀನ್ ಒಡೆದು ಟಚ್ ಸತ್ತ ಫೋನ್ ತಂದು 'ಎಡಿಬಿಯಲ್ಲಿ ಫೋಟೊ ತೆಗೆದುಕೊಡಿ' ಅನ್ನುವವರೂ ಇದ್ದಾರೆ. ಮುಂಚೆಯೇ ಒಪ್ಪಿಗೆ ಪಡೆದ ಲ್ಯಾಪ್‌ಟಾಪ್ ಇದ್ದರೆ ಪ್ರಯತ್ನಿಸಬಹುದು. ಇಲ್ಲದಿದ್ದರೆ ಪ್ರಶ್ನೆಗೆ ಹೂಂ ಅನ್ನಲು ಸ್ಕ್ರೀನೇ ಬೇಕಲ್ವಾ? ಅಂಥವರಿಗೆ ಮೊದಲು ಡಿಸ್‌ಪ್ಲೇ ಹಾಕಿಸಿಕೊಂಡು ಬನ್ನಿ ಅನ್ನುತ್ತೇನೆ.