ತಟ್ಟೆ ಒತ್ತಿ ಉಳಿದ ಹಾಳೆಯಲ್ಲಿ ಎತ್ತು

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದಲ್ಲಿ ಶಿಲ್ಪ ಅಂದರೆ ಗಂಧ, ಶಿವನಿ ಮರದ ಕೆತ್ತನೆ. ಕೆತ್ತನೆಯೇ ಕಸುಬಾದ ಗುಡಿಗಾರರ ಊರು ಅಲ್ವಾ. ನಾನು ಅಡಿಕೆ ಹಾಳೆಯಲ್ಲಿ ಎತ್ತು ಮಾಡುತ್ತೇನೆ ಎಂದಾಗ, "ಒಂದು ಮಳೆಗಾಲ ಕಳೀಲಿ ಮಾರಾಯ, ಆಮೇಲೆ ನೋಡೋಣ" ಎಂದು ನಕ್ಕವರೇ ಎಲ್ಲ. ಎರಡು ಮಳೆಗಾಲ ಕಳೆಯಿತು. ಜಗಲಿಯಲ್ಲಿ ಗಟ್ಟಿಯಾಗಿ ನಿಂತಿದೆ.

ಒಳ್ಳೆ ಹಾಳೆ ನನಗೆ ಬೇಡ. ಊಟದ ತಟ್ಟೆ ಒತ್ತಿದ ಮೇಲೆ ಯಂತ್ರದ ಪಕ್ಕ ರಾಶಿ ಬೀಳುತ್ತದಲ್ಲ, ಆ ಚೂರೇ ಬೇಕು. ಟಿಲ್ಲರ್ ಬಂದ ವರ್ಷ ನಮ್ಮ ಮನೆಯ ಜೋಡಿ ಎತ್ತು ಕೊಟ್ಟಿಗೆಯಿಂದ ಹೊರಬಿದ್ದದ್ದೂ ಹೀಗೇ. ಚೂರಿನ ಬಾಗಿದ ಅಂಚುಗಳನ್ನು ಒಂದರ ಹಿಂದೆ ಒಂದು ಕೂರಿಸಿದರೆ ಮುದಿ ಎತ್ತಿನ ಪಕ್ಕೆಲುಬು ತಾನಾಗಿ ಏಳುತ್ತದೆ. ಪಕ್ಕೆಲುಬುಗಳ ನಡುವೆ ಹೊಟ್ಟೆಯಲ್ಲಿ ಉಳಿಯುವ ತೂತು ಮುಚ್ಚುವುದಿಲ್ಲ. ನೊಗ ಉಜ್ಜಿ ಹೆಗಲ ಮೇಲೆ ಕಟ್ಟುವ ಜಡ್ಡಿಗೆ ಅಡಿಕೆ ಸಿಪ್ಪೆ ಬಡಿದು ಅಂಟಿಸಿದೆ. ಹೂಡಿ ಗೊತ್ತಿದ್ದವರು ಬಂದರೆ ಮೊದಲು ಕೈ ಇಡುವುದು ಅಲ್ಲಿಗೇ.

ಅಳತೆ ನಮ್ಮ ಕಡೆಯ ಕುಳ್ಳ ದನದ ತಳಿ ಮಲೆನಾಡು ಗಿಡ್ಡದ್ದು, ಮೂರಡಿ ಆಸುಪಾಸು. ಒಳಗೆ ಬಿದಿರ ದಬ್ಬೆ. ಹಳ್ಳದ ನೀರಲ್ಲಿ ವಾರಗಟ್ಟಲೆ ಮುಳುಗಿಸಿಟ್ಟ ಬಿದಿರೇ ಆಗಬೇಕು, ಇಲ್ಲದಿದ್ದರೆ ಕುಟ್ಟೆ ಹುಳು ಗ್ಯಾರಂಟಿ.

ದುಡ್ಡು ತಿಂದದ್ದು ಅಂಟು. ಮೈದಾ ಅಂಟು ಜಿರಲೆಗೆ ಊಟವಾಯಿತು. ಫೆವಿಕಾಲ್ ಬೇಸಿಗೆಯಲ್ಲಿ ಚೆನ್ನಾಗಿತ್ತು, ಆಷಾಢದಲ್ಲಿ ಹಾಳೆ ಉಬ್ಬಿ ಕಿವಿ, ಕುತ್ತಿಗೆ ಕೆಳಗೆ ಜೋಲುವ ಗಂಗೆದೊಗಲು ಎಲ್ಲ ಬಿಚ್ಚಿಕೊಂಡವು. ಮೇಲಿಂದ ಬಿಳಿ ಬೂಷ್ಟು. 8-9 ಸಾವಿರ ಹೀಗೇ ಹೋಯಿತು. ಗೇರು ಸಿಪ್ಪೆಯ ಎಣ್ಣೆ ಬಳಿದೆ, ಮೊಣಕೈವರೆಗೆ ಬೊಬ್ಬೆ ಎದ್ದಿತು. ಕೊನೆಗೆ ಕೈ ಹಿಡಿದದ್ದು ಹುಣಸೆ ಬೀಜದ ಅಂಟು. ಅದಕ್ಕೆ ಮೈಲುತುತ್ತ ಬೆರೆಸಿದೆ, ಅಡಿಕೆಯ ಕೊಳೆ ರೋಗದ ಔಷಧಿಗೆ ತಂದದ್ದರಲ್ಲಿ ಉಳಿದಿತ್ತು. ಕೀಲುಗಳಿಗೆ ಕತ್ತದ ಹುರಿಯ ಹೊಲಿಗೆ. ಯಾವುದು ಎಷ್ಟು, ಯಾವಾಗ ಎನ್ನುವುದನ್ನು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಬಣ್ಣಕ್ಕೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ನಾಲ್ಕು ಕೈ ಬಳಿದರೆ ಕೆಂದೆತ್ತು. ಸುಮ್ನೆ ನೋಡೋಣ ಎಂದು ಗಾಡಿ ಎತ್ತಿನ ತುಕ್ಕು ಹಿಡಿದ ಲಾಳಗಳನ್ನು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ, ಆ ನೀರನ್ನು ಚೊಗರಿಗೆ ಬೆರೆಸಿದೆ. ಸ್ವಲ್ಪ ಹಸಿರು ಹೊಡೆಯುವ ಕಪ್ಪು ಬಂತು. ಮುಂದೆ ಕೋಣ ಮಾಡುವಾಗ ಇದೇ ಬಣ್ಣ. ವಾಸನೆಗೆ ಮಾತ್ರ ಮನೆಯವರು ಬೈದರು.

ಈಗ ಒಂದಕ್ಕೆ 2,500 ಖರ್ಚು, ಕೂಲಿ ಬಿಟ್ಟು. ಮೊದಲು ಮಾರಿದ್ದು 18 ಸಾವಿರಕ್ಕೆ ಹೋಯಿತು. ತೀರ್ಥಹಳ್ಳಿ ಕಡೆಯ ರೆಸಾರ್ಟಿನವರು ಜೋಡಿ ಕೇಳಿದ್ದಾರೆ, ಹೊಟ್ಟೆಯ ತೂತು ಮುಚ್ಚಿಕೊಡಿ ಅಂತ. ಆಗಲ್ಲ ಅಂದಿದ್ದೇನೆ.