ಮನೆಯ ಚೌಳುನೀರಿನ ತೊಟ್ಟಿಗೆ ಮೀನು ಆರಿಸುವ ಮತ್ತು ಸಾಕುವ ಬಗೆ

ಚೌಳುನೀರಿನ ಅಕ್ವೇರಿಯಂ ಮಾಡಲು ಹೊರಡುವವರು ಸಾಮಾನ್ಯವಾಗಿ ಮೊದಲು ತೊಟ್ಟಿಯನ್ನು, ಆಮೇಲೆ ಉಪ್ಪನ್ನು, ಕೊನೆಗೆ ಮೀನನ್ನು ಕೊಳ್ಳುತ್ತಾರೆ. ಈ ಕ್ರಮ ತಿರುಗಬೇಕು. ಯಾವ ಮೀನು ಎಂಬುದು ಗೊತ್ತಾಗದೆ ತೊಟ್ಟಿಯ ಅಳತೆಯಾಗಲಿ ಉಪ್ಪಿನ ಪ್ರಮಾಣವಾಗಲಿ ನಿರ್ಧಾರವಾಗುವುದಿಲ್ಲ. ಏಕೆಂದರೆ ಸಿಹಿನೀರಿಗೂ ಸಮುದ್ರಕ್ಕೂ ನಡುವೆ ಇರುವುದೆಲ್ಲವೂ ಚೌಳುನೀರೇ. ಉಪ್ಪು ಹೆಚ್ಚಿದಷ್ಟೂ ನೀರಿನ ಸಾಪೇಕ್ಷ ಸಾಂದ್ರತೆ ಏರುತ್ತದೆ; ಸಿಹಿನೀರಿನದನ್ನು 1.000 ಎಂದೂ ಸಮುದ್ರದ ನೀರಿನದನ್ನು ಸುಮಾರು 1.025 ಎಂದೂ ಹಿಡಿದರೆ, ಮನೆಯ ತೊಟ್ಟಿಗಳು ಬಹುಮಟ್ಟಿಗೆ 1.003ರಿಂದ 1.015ರ ಒಳಗೆ ಬರುತ್ತವೆ. ಇದರ ಕೆಳತುದಿಯಲ್ಲಿ ಸುಖವಾಗಿರುವ ಮೀನುಗಳೇ ಬೇರೆ, ಮೇಲ್ತುದಿಯನ್ನು ಬಯಸುವ ಮೀನುಗಳೇ ಬೇರೆ.

ಅಂಗಡಿಯಲ್ಲಿ ಕಣ್ಣಿಗೆ ಬೀಳುವವು ಹೆಚ್ಚಾಗಿ ಮೇಲ್ತುದಿಯವು. ಬೆಳ್ಳಿಯ ಬಿಲ್ಲೆಯಂತೆ ಹೊಳೆಯುವ ಮೋನೋ, ಮೈಮೇಲೆ ಚುಕ್ಕೆಗಳಿರುವ ಸ್ಕ್ಯಾಟ್, ಶಾರ್ಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬೂದುಬಣ್ಣದ ಕೊಲಂಬಿಯಾದ ಬೆಕ್ಕುಮೀನು ಇವೆಲ್ಲ ಮರಿಗಳಾಗಿದ್ದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದು, ಬೆಳೆದಾಗ 20 ಸೆಂಟಿಮೀಟರ್ ದಾಟುತ್ತವೆ. ಸ್ಕ್ಯಾಟ್ ಮತ್ತು ಆ ಬೆಕ್ಕುಮೀನುಗಳಿಗೆ 30 ಸೆಂಟಿಮೀಟರ್ ಕೂಡ ಅಸಾಧಾರಣವಲ್ಲ. ಎರಡರ ರೆಕ್ಕೆಮುಳ್ಳುಗಳೂ ವಿಷಯುಕ್ತವಾಗಿರುವುದರಿಂದ ತೊಟ್ಟಿಯೊಳಗೆ ಬರಿಗೈ ಹಾಕುವಾಗ ಎಚ್ಚರ ಬೇಕು. ಮೋನೋ ಮತ್ತು ಸ್ಕ್ಯಾಟ್ ಗುಂಪಿನಲ್ಲಿ ಬಾಳುವ ಮೀನುಗಳಾದ್ದರಿಂದ ಒಂದನ್ನೇ ತಂದು ಜಾಗ ಉಳಿಸಿದೆನೆಂದುಕೊಳ್ಳುವಂತಿಲ್ಲ. ಐದಾರು ಅಡಿ ಉದ್ದದ, ಐನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯೂ, ವಯಸ್ಸಾದಂತೆ ಉಪ್ಪನ್ನು ಏರಿಸುತ್ತ ಹೋಗುವ ಸಿದ್ಧತೆಯೂ ಇಲ್ಲದವರು ಇವುಗಳ ಆಸೆ ಬಿಡುವುದು ಒಳ್ಳೆಯದು.

ಸಾಮಾನ್ಯ ಮನೆಗೆ ನಾನು ಸೂಚಿಸುವುದು ನಮ್ಮದೇ ಕರಾವಳಿಯ ಮೀನಾದ ಆರೆಂಜ್ ಕ್ರೋಮೈಡನ್ನು. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ನೈಸರ್ಗಿಕವಾಗಿ ದೊರೆಯುವ, ಸಿಕ್ಲಿಡ್ ಎಂಬ ಕುಟುಂಬದ ಈ ಮೀನು ಸುಮಾರು 8 ಸೆಂಟಿಮೀಟರಿಗೆ ನಿಲ್ಲುತ್ತದೆ. ಕರಿಮೀನು ಎಂದು ಹೆಸರಾದ, 2010ರಲ್ಲಿ ಕೇರಳದ ರಾಜ್ಯಮೀನೆಂದು ಘೋಷಿತವಾದ ಗ್ರೀನ್ ಕ್ರೋಮೈಡ್ ಇದರ ಹತ್ತಿರದ ಸಂಬಂಧಿ. ಅದು ಅಡುಗೆಮನೆಯಲ್ಲಿ ಹೆಚ್ಚು ಪ್ರಸಿದ್ಧವಾಗಿದ್ದರೂ 20 ಸೆಂಟಿಮೀಟರ್ ಮೀರಿ ಬೆಳೆಯುವುದರಿಂದ ಸಣ್ಣ ತೊಟ್ಟಿಗೆ ಹೊಂದುವುದಿಲ್ಲ. ಅಳಿವೆಗಳಲ್ಲಿ ಇವೆರಡೂ ಕೂಡಿ ಬಾಳುತ್ತವೆ. ಆರೆಂಜ್ ಕ್ರೋಮೈಡ್ ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕಿತ್ತು ತಿನ್ನುವುದನ್ನು ದಾಖಲಿಸಲಾಗಿದೆ, ಅವಕಾಶ ಸಿಕ್ಕಾಗ ಅದೇ ಕರಿಮೀನಿನ ಮೊಟ್ಟೆಗಳನ್ನೂ ಅದು ಬಿಡುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಅಚ್ಚ ಕಿತ್ತಳೆ ಬಣ್ಣದ ಮೀನು ಆಯ್ದು ಬೆಳೆಸಿದ ತಳಿ. ಕಾಡುರೂಪದ್ದು ಹಳದಿಮಿಶ್ರಿತ ಹಸಿರು ಛಾಯೆಯದಾಗಿದ್ದು ಪಕ್ಕೆಯಲ್ಲಿ ಕಪ್ಪು ಮಚ್ಚೆ ಹೊಂದಿರುತ್ತದೆ, ನನ್ನ ಕಣ್ಣಿಗೆ ಅದೇ ಹೆಚ್ಚು ಚೆಲುವು.

ಇವುಗಳನ್ನು ಎರಡು ಅಥವಾ ಮೂರರಂತೆ ತಂದರೆ ಬಲಿಷ್ಠವಾದದ್ದು ಉಳಿದವನ್ನು ಮೂಲೆಗೆ ಅಟ್ಟುತ್ತದೆ. ಆರು ಮರಿಗಳನ್ನು ಒಟ್ಟಿಗೆ ಬೆಳೆಸಿದರೆ ಜಗಳ ಹಂಚಿಹೋಗುತ್ತದೆ, ಜೋಡಿಗಳೂ ತಾವಾಗಿ ಕೂಡಿಕೊಳ್ಳುತ್ತವೆ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ ಇಂಥ ಗುಂಪಿಗೆ ಸಾಕು. ಜೊತೆಗೆ ಮೋಲಿಗಳನ್ನು ಬಿಡಬಹುದು. ಸಿಹಿನೀರಿನಲ್ಲಿ ಆಗಾಗ ಸೊರಗುವ ಮೋಲಿ ಸ್ವಲ್ಪ ಉಪ್ಪಿರುವ ಗಡಸುನೀರಿನಲ್ಲಿ ಚೇತರಿಸಿಕೊಳ್ಳುವುದನ್ನು ನೋಡಿಯೇ ಎಷ್ಟೋ ಮಂದಿ ಈ ಹವ್ಯಾಸಕ್ಕೆ ಬಿದ್ದಿದ್ದಾರೆ. ತಳದಲ್ಲಿ ಓಡಾಡಲು ನೈಟ್ ಗೋಬಿ ಆಗುತ್ತದೆ. ಮೂರು ನಾಲ್ಕು ಸೆಂಟಿಮೀಟರಿನ ಬಂಬಲ್‌ಬೀ ಗೋಬಿಯನ್ನು ಮಾತ್ರ ಇವುಗಳ ಜೊತೆ ಸೇರಿಸಬಾರದು. ಅದು ನಿಧಾನವಾಗಿ ತಿನ್ನುತ್ತದೆ, ಒಣ ಆಹಾರವನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮತ್ತು ರಕ್ತಹುಳುಗಳನ್ನು ಕೊಡಲು ಒಪ್ಪುವವರು ಅದಕ್ಕೆ 40 ಲೀಟರಿನ ಪ್ರತ್ಯೇಕ ತೊಟ್ಟಿ ಇಡಬೇಕು. ಫಿಗರ್ ಎಯ್ಟ್ ಪಫರ್ ಕೂಡ ಪ್ರತ್ಯೇಕವಾಗಿಯೇ ಇರಬೇಕಾದ ಮೀನು. ಅದು ನೆರೆಯವರ ರೆಕ್ಕೆ ಕಚ್ಚುತ್ತದೆ. ಜೀವನಪೂರ್ತಿ ಬೆಳೆಯುವ ಅದರ ಹಲ್ಲು ಸವೆಯಲು ಚಿಪ್ಪುಸಹಿತ ಬಸವನಹುಳುಗಳನ್ನು ಆಗಾಗ ಕೊಡಬೇಕಾಗುತ್ತದೆ.

ಈ ಸಣ್ಣ ಮೀನುಗಳಿಗೆಲ್ಲ 1.005ರ ಸಾಂದ್ರತೆ ಹೊಂದುತ್ತದೆ. ಅದನ್ನು ಅಡುಗೆ ಉಪ್ಪಿನಿಂದಲೋ ಕಲ್ಲುಪ್ಪಿನಿಂದಲೋ ಮುಟ್ಟಬಹುದು, ಆದರೆ ಅವು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರವಾದ್ದರಿಂದ ನೀರಿನ ಪಿಎಚ್ ಹಿಡಿದು ನಿಲ್ಲಿಸುವ ಕಾರ್ಬೊನೇಟುಗಳೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಸಿಗುವುದಿಲ್ಲ. ಸಮುದ್ರ ಅಕ್ವೇರಿಯಂಗಳಿಗೆಂದು ಮಾರುವ ಉಪ್ಪಿನ ಮಿಶ್ರಣವನ್ನೇ ಬಳಸಬೇಕು. ಲೆಕ್ಕ ಕಷ್ಟದ್ದಲ್ಲ. ಮೇಲೆ ಹೇಳಿದ ತೊಟ್ಟಿಯ ಅಳತೆಗಳನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 182 ಲೀಟರ್ ಬರುತ್ತದೆ. ಮರಳು, ಕಲ್ಲು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ಉಳಿಯುವ ನೀರು 150 ಲೀಟರ್. ಲೀಟರಿಗೆ ಏಳೆಂಟು ಗ್ರಾಂ ಲೆಕ್ಕದಲ್ಲಿ ಒಂದು ಕಿಲೋಗ್ರಾಮಿಗೆ ತುಸು ಹೆಚ್ಚು ಉಪ್ಪು ಹಿಡಿಯುತ್ತದೆ. ಅದನ್ನು ಬಕೆಟ್‌ನಲ್ಲಿ ಪೂರ್ತಿ ಕರಗಿಸಿ, ಹೈಡ್ರೋಮೀಟರ್ ಅಥವಾ ರಿಫ್ರಾಕ್ಟೋಮೀಟರಿನಿಂದ ಅಳೆದು ಸರಿಪಡಿಸಬೇಕು. ಮೀನಿರುವ ತೊಟ್ಟಿಗೆ ಉಪ್ಪಿನ ಹರಳನ್ನು ನೇರವಾಗಿ ಸುರಿಯಲೇಬಾರದು. ಕರಾವಳಿಯಲ್ಲಿರುವವರು ಬಂದರು ಮತ್ತು ನದೀಮುಖಗಳಿಂದ ದೂರದ, ಮಳೆಗಾಲವಲ್ಲದ ದಿನಗಳ ತಿಳಿಯಾದ ಸಮುದ್ರದ ನೀರನ್ನು ಸೋಸಿ ತಂದು, ಒಂದು ಪಾಲಿಗೆ ನಾಲ್ಕು ಪಾಲು ಸಿಹಿನೀರು ಬೆರೆಸಿದರೂ ಇದೇ ಮಟ್ಟ ಸಿಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕು. ಬೆಂಗಳೂರಿನ ಎಷ್ಟೋ ಮನೆಗಳ ಗಡಸು ಬೋರ್‌ವೆಲ್ ನೀರು, ಮೃದುನೀರು ಬಯಸುವ ಟೆಟ್ರಾ ಮೀನು ಸಾಕುವವರಿಗೆ ತಲೆನೋವಾದದ್ದು, ಇಲ್ಲಿ ಅನುಕೂಲವೇ ಆಗುತ್ತದೆ. ಪಿಎಚ್ 7.5ರಿಂದ 8.4ರ ಒಳಗಿರಲಿ, ತಳಕ್ಕೆ ಹವಳದ ಮರಳು ಅಥವಾ ತೊಳೆದ ಚಿಪ್ಪಿನ ಚೂರುಗಳನ್ನು ಬೆರೆಸಿದರೆ ಅದು ಕುಸಿಯುವುದಿಲ್ಲ.

ಅಳಿವೆಯಲ್ಲಿ ಉಪ್ಪು ದಿನವೂ ಏರಿಳಿಯುವಾಗ ತೊಟ್ಟಿಯಲ್ಲಿ ಅದನ್ನು ಒಂದೇ ಮಟ್ಟದಲ್ಲಿ ಏಕೆ ಇಡಬೇಕು ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡದ, ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿ ನದಿಯ ಅಳಿವೆ ಮುಂಗಾರಿನಲ್ಲಿ ಬಹುತೇಕ ಸಿಹಿಯಾಗಿ ಬೇಸಿಗೆಯಲ್ಲಿ ಸಮುದ್ರದ ಹತ್ತಿರಕ್ಕೆ ಉಪ್ಪಾಗುವುದು ನಿಜ. ಅಲ್ಲಿ ಗಜನಿ ಎಂದು ಕರೆಯುವ ಅಳಿವೆಯಂಚಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಿನ ಮೇಲೆ ಸಿಗಡಿ ಮೀನು ಹಿಡಿಯುವುದೂ ಈ ಏರಿಳಿತವನ್ನು ನಂಬಿಯೇ. ಆದರೆ ಅಲ್ಲಿ ಮೀನಿಗೆ ಸರಿದುಹೋಗಲು ಜಾಗವಿದೆ. ತೊಟ್ಟಿಯಲ್ಲಿ ಅದಿಲ್ಲ, ಅದಕ್ಕಿಂತ ಮುಖ್ಯವಾಗಿ ಫಿಲ್ಟರಿನಲ್ಲಿ ನೆಲೆಸಿ, ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟಿಗೂ ಅದನ್ನು ನೈಟ್ರೇಟಿಗೂ ಬದಲಿಸುವ ಬ್ಯಾಕ್ಟೀರಿಯಾಗಳು ಉಪ್ಪಿನ ಹಠಾತ್ ಬದಲಾವಣೆಯನ್ನು ತಾಳಲಾರವು. ಮೀನು ಬದುಕಿದರೂ ಫಿಲ್ಟರ್ ಸತ್ತರೆ ಎರಡು ದಿನಗಳಲ್ಲಿ ಅಮೋನಿಯಾ ಏರುತ್ತದೆ, ಪಿಎಚ್ ಹೆಚ್ಚಿರುವ ನೀರಿನಲ್ಲಿ ಅದರ ವಿಷವೂ ಹೆಚ್ಚು. ಆದಕಾರಣ ಮೀನಿಲ್ಲದ ತೊಟ್ಟಿಯನ್ನು ಮೊದಲಿನಿಂದಲೇ 1.005ರಲ್ಲಿ ನಡೆಸಿ, ಅಮೋನಿಯಾದ ಸಣ್ಣ ಪ್ರಮಾಣವನ್ನು ಒದಗಿಸುತ್ತ, ನಾಲ್ಕರಿಂದ ಆರು ವಾರಗಳಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದದ್ದನ್ನು ಪರೀಕ್ಷಿಸಿದ ಮೇಲೆಯೇ ಮೀನು ತರಬೇಕು.

ಕೊಳ್ಳುವಾಗ ಅಂಗಡಿಯ ನೀರಿನ ಸಾಂದ್ರತೆಯನ್ನು ಕೇಳುವುದಕ್ಕಿಂತ ಅಳೆಯುವುದು ಮೇಲು. ಚೌಳುನೀರಿನ ಮೀನುಗಳನ್ನು ಅಂಗಡಿಯವರು ಸಿಹಿನೀರಿನಲ್ಲಿಯೇ ಇಟ್ಟಿರುವುದು ಸಾಮಾನ್ಯ. ಅಂಥವನ್ನು ತಂದು ಬೇರೊಂದು ಸಣ್ಣ ತೊಟ್ಟಿಯಲ್ಲಿ ಮೂರರಿಂದ ಐದು ವಾರ ಇರಿಸಿ, ವಾರಕ್ಕೆ 0.001 ಅಥವಾ 0.002ರಂತೆ ಉಪ್ಪು ಏರಿಸಿದರೆ ರೋಗದ ಪರೀಕ್ಷೆಯೂ ಆಗುತ್ತದೆ, ಹೊಂದಾಣಿಕೆಯೂ ಆಗುತ್ತದೆ. ಹೊಟ್ಟೆ ಒಳಸೇರಿದ, ರೆಕ್ಕೆ ಮಡಚಿಕೊಂಡಿರುವ ಮೀನನ್ನು ಕನಿಕರದಿಂದ ಕೊಳ್ಳಬೇಡಿ.

ಮುಂದಿನ ಪಾಲನೆಯಲ್ಲಿ ಹೆಚ್ಚು ಜನ ತಪ್ಪುವುದು ಒಂದೇ ಕಡೆ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ, ಆದ್ದರಿಂದ ಆವಿಯಾದ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಗಾಜಿನ ಹೊರಗೆ ನೀರಿನ ಮಟ್ಟಕ್ಕೊಂದು ಗೆರೆ ಎಳೆದಿಟ್ಟರೆ ಸಾಕು. ನೀರು ಬದಲಿಸುವಾಗ ಮಾತ್ರ ಅದೇ ಸಾಂದ್ರತೆಯ ಉಪ್ಪುನೀರು ಬೇಕು. ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಮೇಲಿನ ತೊಟ್ಟಿಗೆ ಸುಮಾರು 38 ಲೀಟರ್ ನೀರು ಮತ್ತು 300 ಗ್ರಾಂ ಉಪ್ಪು. ಉಷ್ಣತೆ 24ರಿಂದ 28 ಡಿಗ್ರಿ ಇರಲಿ. ಮಂಗಳೂರಿನಲ್ಲಿ ಹೀಟರ್ ಬಹುತೇಕ ಅನಗತ್ಯ, ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಬೇಕೇಬೇಕು. ಗಿಡಗಳಲ್ಲಿ ಜಾವಾ ಫರ್ನ್ ಈ ಉಪ್ಪನ್ನು ಸಹಿಸುತ್ತದೆ. ಕಬ್ಬಿಣದ ಕ್ಲಿಪ್ಪುಗಳು ತುಕ್ಕು ಹಿಡಿಯುತ್ತವೆ. ಕ್ರೋಮೈಡುಗಳು ಸರ್ವಭಕ್ಷಿಗಳಾದ್ದರಿಂದ ಸ್ಪಿರುಲಿನಾ ಪಾಚಿ ಇರುವ ಗುಳಿಗೆ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ವಾರದಲ್ಲೊಂದೆರಡು ಸಲ ಹೆಪ್ಪುಗಟ್ಟಿದ ಆರ್ಟೀಮಿಯಾ ಸಾಕಾಗುತ್ತವೆ.

ಎಲ್ಲ ಸರಿಯಾಗಿದ್ದರೆ ಒಂದು ಜೋಡಿ ಚಪ್ಪಟೆ ಕಲ್ಲನ್ನು ತಿಕ್ಕಿ ತೊಳೆಯಲು ತೊಡಗುತ್ತದೆ, ಅದರ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣೆರಡೂ ಸರದಿಯಂತೆ ರೆಕ್ಕೆ ಬೀಸಿ ಕಾಯುತ್ತವೆ. ಈಜಲು ಕಲಿತ ಮರಿಗಳು ತಾಯಿತಂದೆಯರ ಮೈಯ ಲೋಳೆಯನ್ನು ಕುಟುಕಿ ತಿನ್ನುವುದರಿಂದ ಅವನ್ನು ಅವಸರದಿಂದ ಬೇರ್ಪಡಿಸಬಾರದು. ಜೊತೆಗೆ ಆಗತಾನೆ ಒಡೆದ ಆರ್ಟೀಮಿಯಾ ಮರಿಗಳನ್ನು ಕೊಡಬೇಕು. ಈ ಅವಧಿಯಲ್ಲಿ ಜೋಡಿ ಉಳಿದ ಮೀನುಗಳ ಮೇಲೆ ಏರಿಹೋಗುವುದರಿಂದ ತೊಟ್ಟಿಯನ್ನು ಗಾಜಿನ ಅಡ್ಡಗೋಡೆಯಿಂದ ಭಾಗ ಮಾಡುವುದು ಅಗತ್ಯವಾದೀತು. ಹೆಚ್ಚಾದ ಮರಿಗಳನ್ನು ಬೇರೆ ಹವ್ಯಾಸಿಗಳಿಗೋ ಅಂಗಡಿಗೋ ಕೊಡಿ, ಅವರ ನೀರು ಸಿಹಿಯಾದರೆ ಕೊಡುವ ಮುನ್ನ ವಾರಗಟ್ಟಲೆ ಉಪ್ಪನ್ನು ನಿಧಾನವಾಗಿ ಇಳಿಸಿ. ಊರ ಕೆರೆಗಾಗಲಿ ಹೊಳೆಗಾಗಲಿ ಅವನ್ನು ಬಿಡಬೇಡಿ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಹೂಕುಂಡಗಳಿಗೂ ಹಾಕಬೇಡಿ.