ಲೂಪು ಜಾರುತ್ತಿದ್ದದ್ದು ಎಲ್ಲಿಂದ?

ತೀರ್ಥಹಳ್ಳಿ ಕಡೆ ಒಂದು ಮದುವೆ ಚಪ್ಪರ. ಗಿಟಾರ್, ಲೂಪರ್ ಪೆಡಲ್ ಇಟ್ಟುಕೊಂಡು ಹಾಡುತ್ತಿದ್ದೆ. ಕಾಲಲ್ಲಿ ಒತ್ತಿ ಒಂದು ತುಣುಕು ರೆಕಾರ್ಡ್ ಮಾಡಿದರೆ ಅದನ್ನೇ ಮತ್ತೆ ಮತ್ತೆ ನುಡಿಸುವ ಪೆಟ್ಟಿಗೆ ಅದು; ಆ ತುಣುಕೇ ಲೂಪು. ಖಂಜಿರಕ್ಕೆ ಕೂತಿದ್ದ ತಮ್ಮ ಎರಡನೇ ಹಾಡಿಗೇ ಕೈ ನಿಲ್ಲಿಸಿ, "ಅಣ್ಣಾ, ಲೂಪು ಹಿಂದೆ ಬೀಳ್ತಾ ಇದೆ" ಅಂದ. ನನಗೆ ತುಂಬಾ ಬೇಜಾರಾಯಿತು.

ಶಿವಮೊಗ್ಗಕ್ಕೆ ಬಂದು, ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಚ್ಚಿ ಕೂತೆ. ನಿಮಿಷಕ್ಕೆ 90 ಅಕ್ಷರದ (ಪೆಟ್ಟಿನ) ಲಯದಲ್ಲಿ 8 ಅಕ್ಷರದ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 5.33 ಸೆಕೆಂಡು. ರೆಕಾರ್ಡ್ ಶುರುಮಾಡುವಾಗ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಸರಿಯಾಗಿ ಪೆಡಲಿನ ಸ್ವಿಚ್ಚು ಒತ್ತುತ್ತಿದ್ದೆ. ಮುಗಿಸುವಾಗ ಮಾತ್ರ ಸಮ ಕಿವಿಗೆ ಬಿದ್ದ ಮೇಲೆ ಒತ್ತುತ್ತಿದ್ದೆ. ತಡ ಬರೀ 60 ಮಿಲಿಸೆಕೆಂಡು ಅಂತಿಟ್ಟುಕೊಳ್ಳಿ, ಒಂದು ಸುತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ಅದು ಪ್ರತಿ ಸುತ್ತಿಗೂ ಸೇರುತ್ತಾ ಹೋಗಿ, 11ನೇ ಸುತ್ತಿಗೆ ಹೆಚ್ಚುಕಡಿಮೆ ಒಂದು ಪೂರ್ತಿ ಅಕ್ಷರವೇ ಜಾರಿರುತ್ತದೆ. ಎರಡು ಸಲವೂ ಒಂದೇ ಅಳತೆಯಲ್ಲಿ ತಡವಾಗಿದ್ದರೆ ಲೂಪಿನ ಉದ್ದ ಸರಿಯಾಗೇ ಇರುತ್ತಿತ್ತು!

ಮದ್ದು ಕಾಲಿನಲ್ಲೇ ಇತ್ತು. ಹಿಮ್ಮಡಿ ನೆಲಕ್ಕೂರಿ, ಬೆರಳ ಬುಡದಿಂದ ತಾಳ ಹಾಕುತ್ತಾ, ಆ ತಾಳದ ಪೆಟ್ಟನ್ನೇ ಸ್ವಿಚ್ಚಿನ ಮೇಲೆ ಬೀಳಿಸುವುದು. ಗಿಟಾರಿನ ಕೈ ನಿಲ್ಲಿಸದೆ ಮುಂದಿನ ಸಮದವರೆಗೂ ನುಡಿಸುವುದು. ಆಮೇಲೆ ಲೂಪಿನ ಜೊತೆ ಮೆಟ್ರೊನೋಮನ್ನೂ ಎರಡು ನಿಮಿಷ ಓಡಲು ಬಿಡಿ, ಎರಡೂ ಬೇರೆ ಬೇರೆ ಕೇಳಿಸಿದರೆ ಅಳಿಸಿ ಮತ್ತೆ ಹಾಕಿ. ನನಗೆ ಹದಿನೈದು ದಿನ ಹಿಡಿಯಿತು.

ನಮಗೇ ಕೇಳಿಸಲೆಂದು ಇಟ್ಟ ಸ್ಪೀಕರನ್ನೂ (ಮಾನಿಟರ್) ಮೈಕಿನ ಬೆನ್ನ ಕಡೆಗೆ ಸರಿಸಿದೆ, ಲೂಪಿನ ಹಳೇ ಪದರದ ಸದ್ದು ಮೈಕಿನಿಂದ ಹೊಸ ಪದರದ ರೆಕಾರ್ಡಿನೊಳಗೆ ನುಗ್ಗುವುದು ತಗ್ಗಿತು.

ಹೋದ ವಾರ ಸಾಗರದಲ್ಲಿ ನಾಲ್ಕು ನಿಮಿಷದ ಹಾಡು. ತಮ್ಮ ಖಂಜಿರದಲ್ಲಿ ಮುಕ್ತಾಯದ ಪಟ್ಟು ಹಾಕಿ ಸಮಕ್ಕೆ ಬಂದಾಗ ಲೂಪೂ ಅಲ್ಲೇ ಬಂದು ನಿಂತಿತ್ತು.